ಇಲಿಗೆ ವರ್ಷ, ಬಾವಲಿಗೆ ದಶಕಗಳು

ಗಂಗಾವತಿಯ ಭತ್ತದ ಗದ್ದೆಯಲ್ಲಿ ಇಲಿ ವರ್ಷ ದಾಟುವುದೇ ಅಪರೂಪ. ಹಾವು, ಗೂಬೆ, ವಿಷದ ಕಾಳು, ಎಲ್ಲವೂ ಕಾದಿರುತ್ತವೆ. ನಾಳೆಯ ಖಾತ್ರಿಯಿಲ್ಲದ ಮೈಗೆ ದುರಸ್ತಿಯ ಖರ್ಚು ದಂಡ. ತಿಂದದ್ದೆಲ್ಲ ಮರಿಗಳಿಗೇ ಹೋಗುತ್ತದೆ. ಮುಪ್ಪಿನಲ್ಲಷ್ಟೇ ಕಾಡುವ ಜೀನನ್ನು ನಿಸರ್ಗದ ಆಯ್ಕೆ ಸರಿಯಾಗಿ ಸೋಸಲಾರದು, ಏಕೆಂದರೆ ಅಷ್ಟು ದಿನ ಉಳಿಯುವವರೇ ಕಡಿಮೆ. ಜೀವವಿಜ್ಞಾನಿ ಪೀಟರ್ ಮೆಡಾವರ್ 1952ರಲ್ಲಿ ಹೇಳಿದ್ದು ಇದನ್ನೇ. ವಿಕಾಸವಾದದ ವಿಜ್ಞಾನಿ ಜಾರ್ಜ್ ವಿಲಿಯಮ್ಸ್ 1957ರಲ್ಲಿ ಇನ್ನೂ ಖಾರವಾಗಿ ವಾದಿಸಿದರು: ಹರೆಯದಲ್ಲಿ ಲಾಭ ಕೊಟ್ಟ ಜೀನೇ ಮುಂದೆ ಬಡ್ಡಿ ಸಮೇತ ವಸೂಲಿಗೆ ಬರುತ್ತದೆ.

ರೆಕ್ಕೆಯಿದ್ದರೆ ಲೆಕ್ಕವೇ ಬೇರೆ: ಹಾರಿ ಶತ್ರುವಿನಿಂದ ತಪ್ಪಿಸಿಕೊಳ್ಳುವ ಮೈಗೆ ದುರಸ್ತಿಯ ಖರ್ಚು ದಂಡವಲ್ಲ. ಸೈಬೀರಿಯಾದಲ್ಲಿ ಸುಮಾರು 7 ಗ್ರಾಂ ತೂಗುವ ಬ್ರಾಂಡ್ಟ್ ಬಾವಲಿಯೊಂದು, ಗುರುತಿನ ಉಂಗುರ ತೊಡಿಸಿದ 41 ವರ್ಷಗಳ ಮೇಲೆ ಜೀವಂತ ಸಿಕ್ಕಿತ್ತು. ಚಳಿಗಾಲದ ದೀರ್ಘನಿದ್ದೆಯೂ ಅದಕ್ಕೆ ನೆರವಾಗುತ್ತದೆ. ನಮ್ಮ ಬಿಸಿಲುನಾಡಿನ ಬಾವಲಿಗೆ ಆ ಭಾಗ್ಯವಿಲ್ಲ.

ಪ್ರಾಣಿಗಳಲ್ಲಿ ಸಾಮಾನ್ಯವಾಗಿ ದೊಡ್ಡ ಮೈಗೆ ದೊಡ್ಡ ಆಯಸ್ಸು. ಆದರೆ ಆ ಲೆಕ್ಕವನ್ನು ನಾಯಿ ತಳಿಗಳಿಗೆ ಹಚ್ಚಬೇಡಿ. ಅಲ್ಲಿ ಉಲ್ಟಾ: ಗ್ರೇಟ್ ಡೇನ್‌ಗಿಂತ ಪುಟ್ಟ ಪೊಮೆರೇನಿಯನ್ನೇ ಹೆಚ್ಚು ಬಾಳುತ್ತದೆ.