ವಿಯೆಟ್ನಾಂ ಟೈಲರ್‌ನ ಒಂದು ನಿಮಿಷಕ್ಕೆ ಎಷ್ಟು?

ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಪಳಗಿ, ಕಾರ್ಖಾನೆ ನಡೆಸಲು ವಿಯೆಟ್ನಾಂ ಕಡೆ ಹೊರಟವರು ಮೊದಲು ಕೇಳುವ ಪ್ರಶ್ನೆ, 'ಅಲ್ಲಿ ಟೈಲರ್ ಸಂಬಳ ಎಷ್ಟು?' ಸಿಗುವ ಉತ್ತರ ಕನಿಷ್ಠ ವೇತನದ ಅಂಕಿ. ಅದನ್ನು ನೇರವಾಗಿ ಕಾಸ್ಟಿಂಗ್ ಶೀಟಿಗೆ ಹಾಕಿದರೆ ಆರ್ಡರ್ ಹಿಡಿದ ದಿನವೇ ನಷ್ಟ ಶುರು.

ಅಂಕಿಯೂ ಒಂದೇ ಇಲ್ಲ. ದೇಶವನ್ನು ನಾಲ್ಕು ವೇತನ ವಲಯಗಳಾಗಿ ಹಂಚಿದ್ದಾರೆ. 2026ರ ಜನವರಿ 1ರಿಂದ ಮೊದಲ ವಲಯಕ್ಕೆ ತಿಂಗಳಿಗೆ 53.1 ಲಕ್ಷ ಡಾಂಗ್, ಎರಡಕ್ಕೆ 47.3, ಮೂರಕ್ಕೆ 41.4, ನಾಲ್ಕಕ್ಕೆ 37 ಲಕ್ಷ. ರೂಪಾಯಿಗೆ ಸುಮಾರು 300 ಡಾಂಗ್ ಎಂದಿಟ್ಟುಕೊಂಡರೆ ಮೊದಲ ವಲಯದ್ದು 17,700 ರೂಪಾಯಿ. ಇದೇ ವಲಯದಲ್ಲಿ 2013ರಲ್ಲಿ 23.5 ಲಕ್ಷ ಇತ್ತು, 2020ರಲ್ಲಿ 44.2 ಆಯಿತು. ಕೋವಿಡ್ ಎಂದು 2021ರಲ್ಲಿ ಏರಿಸಲಿಲ್ಲ. 2022ರ ಜುಲೈನಲ್ಲಿ 46.8, 2024ರ ಜುಲೈನಲ್ಲಿ 49.6. 2025ರ ಜುಲೈನಲ್ಲಿ ಪ್ರಾಂತ್ಯಗಳನ್ನು 63ರಿಂದ 34ಕ್ಕೆ ಇಳಿಸಿ ಜಿಲ್ಲಾ ಹಂತವನ್ನೇ ತೆಗೆದುಹಾಕಿದರು. ಬಿನ್ ಜುವಾಂಗ್ ಪ್ರಾಂತ್ಯ ಈಗ ಹೋ ಚಿ ಮಿನ್ಹ್ ನಗರದ ಭಾಗ. ಆದ್ದರಿಂದ 'ಯಾವ ಜಿಲ್ಲೆ, ಯಾವ ವಲಯ' ಎಂಬ ಹಳೆಯ ಪಟ್ಟಿ ಕೆಲಸಕ್ಕೆ ಬಾರದು. ಕಾರ್ಖಾನೆ ಇರುವ ವಾರ್ಡ್ ಅಥವಾ ಕಮ್ಯೂನ್ (ನಮ್ಮ ಗ್ರಾಮ ಪಂಚಾಯಿತಿಯಂಥದ್ದು) ಯಾವ ವಲಯಕ್ಕೆ ಸೇರಿದೆ ಎಂದು ಕನಿಷ್ಠ ವೇತನದ ಆದೇಶದ ಅನುಬಂಧದಲ್ಲೇ ಹುಡುಕಬೇಕು.

ಈಗ ಮೊದಲ ವಲಯದ ಒಬ್ಬ ಟೈಲರ್‌ನ ಲೆಕ್ಕ. ಕರಾರಿನಲ್ಲಿ 57 ಲಕ್ಷ ಎಂದು ಹಿಡಿಯೋಣ. ಕನಿಷ್ಠ 53.1 ಇರುವಾಗ 57 ಏಕೆಂದರೆ, ತರಬೇತಿ ಬೇಕಾದ ಕೆಲಸಕ್ಕೆ ಕನಿಷ್ಠಕ್ಕಿಂತ 7% ಹೆಚ್ಚು ಕೊಡಬೇಕೆಂಬ ನಿಯಮ ಬಹಳ ಕಾಲ ಇತ್ತು. 2022ರ ಆದೇಶದಲ್ಲಿ ಅದನ್ನು ಬಿಟ್ಟರು. ಆದರೆ ಹಳೆಯ ಕರಾರಿನಲ್ಲೋ ಸಾಮೂಹಿಕ ಒಪ್ಪಂದದಲ್ಲೋ ಅದು ಬರೆದಿದ್ದರೆ, ಎರಡೂ ಕಡೆಯವರು ಒಪ್ಪಿ ಬದಲಿಸುವ ತನಕ ಮುಂದುವರಿಯುತ್ತದೆ. ಕಾರ್ಖಾನೆ ಕೊಂಡವರು ಎಡವುವುದು ಇಲ್ಲೇ. ಹೊಸ ನಿಯಮ ಓದಿರುತ್ತಾರೆ, ಹಳೆಯ ಕರಾರು ಓದಿರುವುದಿಲ್ಲ.

ಆ 57 ಲಕ್ಷದ ಮೇಲೆ ಮಾಲೀಕರ ಪಾಲು: ಸಾಮಾಜಿಕ ವಿಮೆ 17.5%, ಆರೋಗ್ಯ ವಿಮೆ 3%, ನಿರುದ್ಯೋಗ ವಿಮೆ 1%. ಜೊತೆಗೆ ಕಾರ್ಮಿಕ ಸಂಘದ ಶುಲ್ಕ 2%. ನಿಮ್ಮ ಕಾರ್ಖಾನೆಯಲ್ಲಿ ಸಂಘ ಇಲ್ಲದಿದ್ದರೂ ಕಟ್ಟಬೇಕು. ಒಟ್ಟು 23.5%, ಅಂದರೆ 13.4 ಲಕ್ಷ. ನಮ್ಮಲ್ಲಿ ಪಿಎಫ್ 12, ಇಎಸ್‌ಐ 3.25 ಎಂದು ರೂಢಿಯಾದವರಿಗೆ ಇದು ಕಣ್ಣಿಗೆ ಹೊಡೆಯುತ್ತದೆ. ಕಾರ್ಮಿಕರ ಸಂಬಳದಲ್ಲಿ ಕಡಿತವಾಗುವ 10.5% ಬೇರೆ. ಬೇಸಿಕ್ ತಗ್ಗಿಸಿ ಅಲೊವೆನ್ಸ್ ಏರಿಸುವ ನಮ್ಮ ಹಳೆಯ ವಿದ್ಯೆ ಇಲ್ಲಿ ಹೆಚ್ಚು ನಡೆಯದು. ಪ್ರತಿ ತಿಂಗಳು ತಪ್ಪದೆ ಕೊಡುವ ನಿಗದಿತ ಭತ್ಯೆಯೂ ವಿಮೆಯ ಲೆಕ್ಕಕ್ಕೆ ಸೇರುತ್ತದೆ. ಊಟ, ಪೆಟ್ರೋಲು, ಮನೆ ಬಾಡಿಗೆಯಂಥವು ಮಾತ್ರ ಹೊರಗೆ.

ಟೆಟ್, ಅಂದರೆ ಅಲ್ಲಿನ ಹೊಸವರ್ಷದ ಹಬ್ಬದ ಬೋನಸ್ ಒಂದು ತಿಂಗಳ ಸಂಬಳ, ತಿಂಗಳಿಗೆ ಹಂಚಿದರೆ 4.75 ಲಕ್ಷ. ಇದೂ ನಮ್ಮ ಬೋನಸ್ಸಿನ 8.33 ಶೇಕಡವೇ! ವ್ಯತ್ಯಾಸ ಏನೆಂದರೆ ನಮ್ಮಲ್ಲಿ ಅದು ಕಾನೂನು, ಇಲ್ಲಿ ಬರಿ ವಾಡಿಕೆ. ವಾಡಿಕೆ ಮುರಿದವರ ಗೇಟಿನ ಮುಂದೆ ಜನ ಕೂರುವುದೂ ವಾಡಿಕೆ.

ಓಟಿ (ಹೆಚ್ಚುವರಿ ಗಂಟೆಯ ಕೂಲಿ) ನಮ್ಮಂತೆ ಡಬಲ್ ಅಲ್ಲ. ಮಾಮೂಲಿ ದಿನ 150%, ವಾರದ ರಜೆಯಂದು 200%, ಸರ್ಕಾರಿ ರಜೆಯಂದು 300%. ರಾತ್ರಿ 10 ದಾಟಿದ ಓಟಿಗೆ ಮಾಮೂಲಿ ದಿನವೂ ಕನಿಷ್ಠ 200%. ದರ ಅಗ್ಗವೆಂದು ಇಡೀ ಪ್ಲಾನನ್ನು ಓಟಿ ಮೇಲೆ ಕಟ್ಟುವವರುಂಟು. ತಿಂಗಳಿಗೆ 60 ಗಂಟೆ ತನಕ ಬಿಡುತ್ತಾರೆ ನಿಜ, ಆದರೆ ಗಾರ್ಮೆಂಟ್ಸ್‌ಗೂ ವರ್ಷದ ಮಿತಿ 300 ಗಂಟೆ. ತಿಂಗಳಿಗೆ 60ರಂತೆ ದುಡಿಸಿದರೆ ಐದೇ ತಿಂಗಳಲ್ಲಿ ವರ್ಷದ ಕೋಟಾ ಮುಗಿದು ಪೀಕ್ ಸೀಸನ್‌ನಲ್ಲಿ ಕೈಕಟ್ಟಿ ಕೂರಬೇಕು. ಹಾಗಾಗಿ ಸರಾಸರಿ 25 ಗಂಟೆ ಹಿಡಿಯಿರಿ. 26 ದಿನದ ತಿಂಗಳಿಗೆ ಗಂಟೆಗೆ 27,400 ಡಾಂಗ್. ಅದರ ಒಂದೂವರೆ ಪಟ್ಟಿನಂತೆ 25 ಗಂಟೆಗೆ 10.3 ಲಕ್ಷ. ಊಟಕ್ಕೆ ದಿನಕ್ಕೆ 25,000ದಂತೆ, ನಿಜವಾಗಿ ದುಡಿಯುವ 24 ದಿನಕ್ಕೆ 6 ಲಕ್ಷ, ಪೂರ್ತಿ ಹಾಜರಿಯ ಇನಾಮು 3 ಲಕ್ಷ ಇಟ್ಟುಕೊಂಡರೆ ಎಲ್ಲ ಸೇರಿ 94.4 ಲಕ್ಷ ಡಾಂಗ್, ಸುಮಾರು 31,500 ರೂಪಾಯಿ. ಗೋಡೆಗೆ ಅಂಟಿಸಿದ ಕನಿಷ್ಠ ವೇತನದ ಹತ್ತಿರ ಹತ್ತಿರ 1.8 ಪಟ್ಟು.

ಇದನ್ನು ನಿಮಿಷಕ್ಕೆ ಇಳಿಸುವಾಗ 26 ದಿನದಿಂದ ಭಾಗಿಸಬೇಡಿ. ವರ್ಷಕ್ಕೆ 12 ದಿನ ಗಳಿಕೆ ರಜೆ, 2019ರ ಕಾರ್ಮಿಕ ಸಂಹಿತೆಯ ಪ್ರಕಾರ 11 ಸಾರ್ವಜನಿಕ ರಜೆ, ಎಲ್ಲಕ್ಕೂ ಸಂಬಳ ಉಂಟು, ಹೊಲಿಗೆ ಇಲ್ಲ. 312ರಲ್ಲಿ 23 ಕಳೆದರೆ 289 ದಿನ, ತಿಂಗಳಿಗೆ 24. ಓಟಿ ಸೇರಿ ಸುಮಾರು 218 ಗಂಟೆ. ಗಂಟೆಗೆ 43,400 ಡಾಂಗ್, ನಿಮಿಷಕ್ಕೆ 723. ಇಪ್ಪತ್ತು ಎಸ್‌ಎಎಂ (ಒಂದು ಪೀಸಿಗೆ ನಿಗದಿಯಾದ ಹೊಲಿಗೆಯ ನಿಮಿಷ) ಇರುವ ಶರ್ಟು, ಲೈನ್ ಎಫಿಷಿಯೆನ್ಸಿ (ದುಡಿದ ನಿಮಿಷಗಳಲ್ಲಿ ಹೊಲಿಗೆಯಾಗಿ ಹೊರಬರುವ ಪಾಲು) 60% ಇದ್ದರೆ, ಹೊಲಿಗೆಗೆ 24,100 ಡಾಂಗ್ ಬೀಳುತ್ತದೆ: 80 ರೂಪಾಯಿ. ಎಫಿಷಿಯೆನ್ಸಿ 50ಕ್ಕೆ ಇಳಿದರೆ 96 ರೂಪಾಯಿ. 2026ರ ಕನಿಷ್ಠ ವೇತನದ ಸರಾಸರಿ ಏರಿಕೆ 7.2%. ಅದನ್ನು ನುಂಗಲು 60ನ್ನು 64 ದಾಟಿಸಿದರೆ ಸಾಕು. ಸರ್ಕಾರ ಸಂಬಳ ಏರಿಸಿತೆಂದು ಗೋಳಾಡುವ ಕಾರ್ಖಾನೆಗಳಲ್ಲಿ ಸ್ಟೈಲ್ ಬದಲಿಸುವಾಗ ದಿನಗಟ್ಟಲೆ ಲೈನ್ ಕುಂಟುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಏರಿಕೆಯನ್ನು ಹಂಚುವುದರಲ್ಲೂ ಒಂದು ಗುಂಡಿ ಇದೆ. ಕನಿಷ್ಠಕ್ಕಿಂತ ಕೆಳಗೆ ಬಿದ್ದವರಿಗಷ್ಟೇ ಏರಿಸಿದರೆ ಕಾನೂನು ಪಾಲಿಸಿದಂತೆಯೇ. ಆದರೆ ಐದು ವರ್ಷ ಕಾಲರ್ ಕೂರಿಸಿದವಳಿಗೂ ನಿನ್ನೆ ಬಂದ ಹೆಲ್ಪರಿಗೂ ಸಂಬಳ ಒಂದೇ ಆಗಿಬಿಡುತ್ತದೆ. ದರ್ಜೆಗಳ ನಡುವೆ ಕನಿಷ್ಠ 5% ಅಂತರ ಇರಬೇಕೆಂಬ ಹಳೆಯ ನಿಯಮ 2021ರಿಂದ ಇಲ್ಲ, ಜನರ ಮನಸ್ಸಿನಲ್ಲಿ ಮಾತ್ರ ಇದೆ. ಕಾನೂನುಬದ್ಧ ಮುಷ್ಕರಕ್ಕೆ ಉದ್ದನೆಯ ವಿಧಿವಿಧಾನ ಇರುವುದರಿಂದ ಇಲ್ಲಿ ಮುಷ್ಕರಗಳು ನೋಟಿಸ್ ಇಲ್ಲದೆಯೇ ಆಗುತ್ತವೆ. ಬೆಳಿಗ್ಗೆ ಪಂಚ್ ಮಾಡಿ ಒಳಬಂದವರು ಮಷೀನ್ ಆನ್ ಮಾಡುವುದಿಲ್ಲ, ಅಷ್ಟೇ. ಕನಿಷ್ಠ ವೇತನ ಎಷ್ಟು ಏರಿತೋ ಅಷ್ಟೇ ಮೊತ್ತವನ್ನು, 2026ರಲ್ಲಿ ಮೊದಲ ವಲಯಕ್ಕೆ 3.5 ಲಕ್ಷ ಡಾಂಗ್, ಎಲ್ಲ ದರ್ಜೆಗೂ ಸಮನಾಗಿ ಕೊಡುವುದು ಜಗಳ ಕಡಿಮೆಯ ದಾರಿ. ಶೇಕಡಾವಾರು ಕೊಟ್ಟರೆ ಮೇಲಿನವರ ಬಿಲ್ ಉಬ್ಬುತ್ತದೆ.

ವಿಮೆಯ ವಿಷಯವಂತೂ ಮುಟ್ಟಿದರೆ ಬೆಂಕಿ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ಹಿಂತೆಗೆಯುವ ನಿಯಮ ಬಿಗಿ ಮಾಡಿದ್ದಕ್ಕೆ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದು ಕೇಂದ್ರವನ್ನೇ ಹಿಂದೆ ಸರಿಸಿದ್ದು ನೆನಪಿರಬಹುದು. ಅದಕ್ಕೆ ಸುಮಾರು ಒಂದು ವರ್ಷ ಮೊದಲು ಹೋ ಚಿ ಮಿನ್ಹ್ ನಗರದ ಬೂಟು ಕಾರ್ಖಾನೆಯ ಸಾವಿರಾರು ಕಾರ್ಮಿಕರು ಇದೇ ಕಾರಣಕ್ಕೆ ಕೆಲಸ ನಿಲ್ಲಿಸಿದ್ದರು. ಇಲ್ಲಿನ ಸರ್ಕಾರವೂ ಮಣಿಯಿತು. 2025ರ ಜುಲೈ 1ರಿಂದ ಹೊಸದಾಗಿ ವಿಮೆಗೆ ಸೇರುವವರಿಗೆ ಒಟ್ಟಿಗೆ ಹಣ ತೆಗೆಯುವ ಸೌಲಭ್ಯವನ್ನು ಬಹುತೇಕ ಮುಚ್ಚಿದ್ದಾರೆ, ಹಳಬರಿಗೆ ಉಳಿಸಿದ್ದಾರೆ. ಕೆಲಸ ಬಿಟ್ಟು 12 ತಿಂಗಳು ಕಳೆದ ಮೇಲೆ ಹಳಬರು ತೆಗೆಯಬಹುದು. ನುರಿತ ಟೈಲರ್ ಒಬ್ಬಳು ಯಾವ ಕಾರಣವೂ ಹೇಳದೆ ರಾಜೀನಾಮೆ ಕೊಟ್ಟರೆ ಈ ಲೆಕ್ಕ ಹಿಂದಿರಬಹುದು.

ಇನ್ನು ಟೆಟ್. ಚಾಂದ್ರಮಾನ ಹೊಸವರ್ಷ ಜನವರಿ ಕೊನೆಗೋ ಫೆಬ್ರವರಿಯಲ್ಲೋ ಬರುತ್ತದೆ. ಕಾನೂನಿನ ರಜೆ 5 ದಿನ, ಆದರೆ ಥಾನ್ ಹೋವಾ, ಙೆ ಆನ್ ಕಡೆಯಿಂದ ದಕ್ಷಿಣಕ್ಕೆ ಬಂದವರು ಅಷ್ಟರಲ್ಲಿ ಹಿಂತಿರುಗುವುದಿಲ್ಲ. ಕೆಲವರು ಊರಲ್ಲೇ ಉಳಿಯುತ್ತಾರೆ, ಏಕೆಂದರೆ ಕಾರ್ಖಾನೆಗಳೇ ಈಗ ಅವರ ಊರಿಗೆ ಹೋಗಿವೆ. ಬೋನಸ್ ಪೂರ್ತಿ ರಜೆಗೆ ಮೊದಲೇ ಕೊಟ್ಟು, ಮರಳಿದ ದಿನಕ್ಕೆ ಬೇರೆಯೇ ಒಂದು ಹಣವಿಟ್ಟ ಕೆಂಪು ಲಕೋಟೆ ಇಡಿ. ಬೋನಸ್ಸನ್ನೇ ತಡೆಹಿಡಿದರೆ ಜಗಳ ಗ್ಯಾರಂಟಿ. ಸಕಾರಣವಿಲ್ಲದೆ ಸತತ 5 ಕೆಲಸದ ದಿನ ಬಾರದವರ ಕರಾರು ಮುರಿಯಲು ಕಾನೂನು ಬಿಡುತ್ತದೆ, ಆದರೆ ಆರನೆಯ ದಿನವೇ ಪತ್ರ ಕಳಿಸುವ ಆತುರ ಬೇಡ, ಎಷ್ಟೋ ಜನ ಹತ್ತನೆಯ ದಿನ ಬರುತ್ತಾರೆ. ಟೆಟ್ ನಂತರದ ಎರಡು ವಾರಕ್ಕೆ ಹೊಸ ಸ್ಟೈಲ್ ಹಾಕಬೇಡಿ. ಡಿಸೆಂಬರ್‌ನಲ್ಲಿ ಓಡಿದ ರಿಪೀಟ್ ಆರ್ಡರನ್ನೇ ಇಟ್ಟುಕೊಳ್ಳಿ. 40 ಜನರ ಲೈನಿನಲ್ಲಿ ಆರು ಜನ ಬರದಿದ್ದರೂ ಉಳಿದವರ ಕೈ ಆ ಪೀಸಿಗೆ ಪಳಗಿರುತ್ತದೆ.