ಅಂಗಾಲಿನ ಮಾದರಿ: ಹಿಮ್ಮಡಿಗೆ ಫ್ಲ್ಯಾಪ್ ತಿರುಗಿಸುವ ಹಂತ

ಮಾದರಿಯ ಚರ್ಮ ಕೊನೆಗೂ ಅಂಗಾಲಿನ ಚರ್ಮದಂತೆ ವರ್ತಿಸುತ್ತಿದೆ. ಪ್ಲಾಸ್ಟಿಕ್ ಸರ್ಜರಿ ಕಲಿಯುವ ಕಿರಿಯರು ರೋಗಿಯ ಕಾಲನ್ನು ಮುಟ್ಟುವ ಮೊದಲೇ ಫ್ಲ್ಯಾಪನ್ನು, ಅಂದರೆ ರಕ್ತನಾಳ ಕಡಿಯದೆ ಎತ್ತಿ ಗಾಯಕ್ಕೆ ತರುವ ಚರ್ಮದ ತುಂಡನ್ನು, ಕೊಯ್ದು, ತಿರುಗಿಸಿ, ಹೊಲಿದು ನೋಡಲಿ ಎಂದು ಸಿಲಿಕೋನ್ ಮತ್ತು ಸ್ಪಂಜಿನಲ್ಲಿ ಇದನ್ನು ಕಟ್ಟುತ್ತಿದ್ದೇನೆ.

ತೊಡೆಯ ಚರ್ಮವನ್ನು ಚಿವುಟಿ ಎತ್ತಬಹುದು, ಅಂಗಾಲಿನದನ್ನು ಎತ್ತಲಾಗದು. ಒಳಚರ್ಮದಿಂದ ಪ್ಲಾಂಟರ್ ಅಪೋನ್ಯೂರೋಸಿಸ್ ಎಂಬ ಗಟ್ಟಿ ಪಟ್ಟಿಯವರೆಗೆ ನಾರಿನ ಗೋಡೆಗಳಿವೆ, ಅವುಗಳ ನಡುವಿನ ಪುಟ್ಟ ಕೋಣೆಗಳಲ್ಲಿ ಕೊಬ್ಬು ತುಂಬಿದೆ. ಮೈಭಾರ ಬಿದ್ದಾಗ ಚರ್ಮ ಅದುಮಿಕೊಳ್ಳುತ್ತದೆಯೇ ಹೊರತು ಜಾರುವುದಿಲ್ಲ. ಇದನ್ನು ತೋರಿಸಲು ಸಿಲಿಕೋನ್ ಹಾಳೆಯನ್ನು ಸ್ಪಂಜಿನ ಮೂಲಕ ಕೆಳಗಿನ ಕ್ಯಾನ್ವಾಸಿಗೆ, ಹಾಸಿಗೆ ಹೊಲಿಯುವವರು ಹತ್ತಿಯನ್ನು ಅಲ್ಲಲ್ಲಿ ದಾರದಿಂದ ಬಿಗಿದಂತೆ, ಬಿಗಿದಿದ್ದೇನೆ. ಹೆಬ್ಬೆರಳಿಂದ ತಳ್ಳಿದರೆ ಈಗ ಹಾಳೆ ಕದಲುವುದಿಲ್ಲ.

ಹಿಮ್ಮಡಿಯಲ್ಲಿ ಒಂದು ಗಾಯ ಕೊರೆದಿದ್ದೇನೆ. ಅದನ್ನು ಮುಚ್ಚಲು ಅತ್ಯುತ್ತಮ ಚರ್ಮ ಪಾದದ ಕಮಾನಿನಲ್ಲೇ ಇದೆ: ಅಂಗಾಲಿನದೇ ಚರ್ಮ, ಆದರೆ ನೆಲಕ್ಕೆ ಊರದ ಜಾಗ. 1979ರಲ್ಲಿ ಶಾನಹನ್ ಮತ್ತು ಗಿಂಗ್ರಾಸ್ ಹಿಮ್ಮಡಿಗಾಗಿ ವಿವರಿಸಿದ ಮೀಡಿಯಲ್ ಪ್ಲಾಂಟರ್ (ಅಂಗಾಲಿನ ಒಳಬದಿಯ) ಫ್ಲ್ಯಾಪ್ ಇದೇ. ಅಬ್ಡಕ್ಟರ್ ಹ್ಯಾಲುಸಿಸ್ ಮತ್ತು ಫ್ಲೆಕ್ಸರ್ ಡಿಜಿಟೋರಮ್ ಬ್ರೆವಿಸ್ ಸ್ನಾಯುಗಳ ನಡುವೆ ಹಾಯುವ ರಕ್ತನಾಳಕ್ಕೆ ಕೆಂಪು ತಂತಿ ಇಟ್ಟಿದ್ದೇನೆ. ನರಕ್ಕೆ ಹಲವು ಎಳೆಗಳ ಹಳದಿ ತಂತಿ. ಫ್ಲ್ಯಾಪಿಗೆ ಹೋಗುವ ಎಳೆಗಳನ್ನಷ್ಟೇ ಬಿಡಿಸಿಕೊಂಡು, ಬೆರಳುಗಳಿಗೆ ಹೋಗುವ ಎಳೆಗಳನ್ನು ಇದ್ದಲ್ಲೇ ಉಳಿಸಬೇಕು. ನನ್ನ ಕಣ್ಣಿಗೆ ಇಡೀ ಶಸ್ತ್ರಚಿಕಿತ್ಸೆಯ ಅತಿ ಸುಂದರ ಘಟ್ಟ ಇದು. ಫ್ಲ್ಯಾಪ್ ತೆಗೆದ ಕಮಾನಿಗೆ ತೆಳು ಚರ್ಮದ ಕಸಿ ಸಾಕು, ಏಕೆಂದರೆ ಅಲ್ಲಿ ಭಾರ ಬೀಳುವುದಿಲ್ಲ.

ಗಾಯ ತೀರ ದೊಡ್ಡದಾದರೆ, ಅಥವಾ ಕಮಾನೇ ಜಜ್ಜಿಹೋಗಿದ್ದರೆ, ಮೀನಖಂಡದಿಂದ ತರಬೇಕು. 1992ರಲ್ಲಿ ಮಾಸ್ಕ್ಲೇ ಮತ್ತು ಸಂಗಡಿಗರು ವಿವರಿಸಿದ ದಾರಿಯಲ್ಲಿ ಬೆಳೆದ ರಿವರ್ಸ್ ಸೂರಲ್ ಫ್ಲ್ಯಾಪ್, ಕಣಕಾಲಿನ ಹೊರಬದಿಯ ಮೂಳೆಗಂಟಿನಿಂದ ಸುಮಾರು 5 ಸೆಂ.ಮೀ. ಮೇಲಿನ ಬಿಂದುವಿನಿಂದ ತಿರುಗುತ್ತದೆ. ಅದು ಕಾಲು ಉಳಿಸುವಷ್ಟು ನಂಬಿಕಸ್ಥ, ಆದರೆ ಮೆತ್ತಗೆ, ದಪ್ಪ, ಸ್ಪರ್ಶವಿಲ್ಲದ್ದು. ಕಮಾನಿನ ಚರ್ಮ ಸಿಗುವಾಗ ಇದನ್ನು ಮೊದಲ ಆಯ್ಕೆಯಾಗಿ ಕಲಿಸಲು ನನಗೆ ಮನಸ್ಸಿಲ್ಲ.

ಮಾದರಿ ಕಲಿಸಲಾರದ ವಿಷಯವೊಂದಿದೆ. ಕುಷ್ಠ, ಸಕ್ಕರೆ ಕಾಯಿಲೆಗಳಲ್ಲಿ ನರವೇ ಸತ್ತಿದ್ದರೆ ಅದನ್ನು ಎಷ್ಟು ಜೋಪಾನವಾಗಿ ತಂದರೂ ಸ್ಪರ್ಶ ಬರುವುದಿಲ್ಲ. ಅಲ್ಲಿ ಗಟ್ಟಿ ಚರ್ಮದ ಲಾಭ ಮಾತ್ರ. ನೋವಿಲ್ಲದ ಕಾಲು ಗಾಯದ ಮೇಲೆಯೇ ನಡೆಯುತ್ತದೆ ಎಂಬುದನ್ನು ವೆಲ್ಲೂರಿನಲ್ಲಿ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ನಡುವೆ ದುಡಿಯುತ್ತ ಎತ್ತಿ ತೋರಿಸಿದರು. ಹಾಗಾಗಿ ಪೆಟ್ಟಿಗೆಯಲ್ಲಿ ಮಾದರಿಯ ಜೊತೆ ಒಂದು ಜೊತೆ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿಯನ್ನೂ ಇಡುತ್ತಿದ್ದೇನೆ. ಮೆದು ಅಡಿಯ ಆ ಚಪ್ಪಲಿ ಇಲ್ಲದೆ ರೋಗಿಯನ್ನು ಮನೆಗೆ ಕಳಿಸಿದರೆ ಎಂಥ ಫ್ಲ್ಯಾಪ್ ಆದರೂ ಮತ್ತೆ ಹುಣ್ಣಾಗಬಹುದು.

ಮುಂದಿನ ಕೆಲಸ ಪಾದದ ಮುಂಭಾಗ: ಹೆಬ್ಬೆರಳ ಬುಡದ ಮೂಳೆಯಡಿ ಸಣ್ಣ ಹುಣ್ಣು ಮಾಡಿ, ವಿ-ವೈ ಫ್ಲ್ಯಾಪ್ (V ಆಕಾರದಲ್ಲಿ ಕೊಯ್ದು Y ಆಕಾರದಲ್ಲಿ ಹೊಲಿಯುವಂಥದ್ದು) ಮುಂದೆ ಸರಿಸುವುದು. ದಾರಗಳು ಅಲ್ಲಿ ಇನ್ನೂ ಒತ್ತೊತ್ತಾಗಿ ಬರಬೇಕು, ಸ್ಪಂಜು ಮಾತ್ರ ತೆಳುವಾಗಿರಬೇಕು.