ಚೀನೀ ಔಷಧಿ ಮಸಾಲೆಗಳ ನೋಟ್‌ಬುಕ್: ಚಕ್ಕೆಯ ಪುಟಗಳು ಮುಗಿದವು

ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಿ ಮೈ ಬೆಚ್ಚಗೆ ಮಾಡುವ ಮಸಾಲೆಗಳ ಬಗ್ಗೆ ಚಿತ್ರ ಬರೆದು, ಪಕ್ಕದಲ್ಲಿ ಟಿಪ್ಪಣಿ ಹಾಕಿ ಒಂದು ನೋಟ್‌ಬುಕ್ ಮಾಡುತ್ತಿದ್ದೇನೆ. ಈ ಸಲ ಚಕ್ಕೆ. ಒಂದೇ ಪುಟದಲ್ಲಿ ಮುಗಿಸುವ ಲೆಕ್ಕವಿತ್ತು, ಆದರೆ ಜಾಗ ಸಾಲಲಿಲ್ಲ. ಯಾಕೆಂದರೆ ಮರ ಒಂದೇ ಆದರೂ ಚೀನೀ ವೈದ್ಯರಿಗೆ ಅದರಲ್ಲಿ ಎರಡು ಬೇರೆ ಬೇರೆ ಔಷಧಿ ಇವೆ.

ದಕ್ಷಿಣ ಚೀನಾದ ಗ್ವಾಂಗ್‌ಶಿ, ಗ್ವಾಂಗ್‌ಡಾಂಗ್ ಕಡೆ ಬೆಳೆಯುವ ಕ್ಯಾಸಿಯಾ ಮರದ ಎಳೆ ರೆಂಬೆಗೆ ಗ್ವೇಯ್‌ಜಿ ಅಂತ ಹೆಸರು. ಅದೇ ಮರದ ತೊಗಟೆ ರೋಗ್ವೇಯ್. ರೆಂಬೆಯ ಕೆಲಸ ಮೈಯ ಹೊರಗಡೆ. ಚಳಿಗಾಳಿ ತಗುಲಿ ಬಂದ ಜ್ವರಕ್ಕೆ, ಕೀಲುನೋವಿಗೆ ಅದನ್ನು ಕೊಡುತ್ತಾರೆ. ತೊಗಟೆಯ ಕೆಲಸ ಒಳಗೆ, ಆಳದಲ್ಲಿ. ಸೊಂಟ ಮಂಡಿ ತಣ್ಣಗಾಗಿ ನೋಯುವುದು, ಬಿಸಿ ಇಟ್ಟರೆ ಕಡಿಮೆಯಾಗುವ ಹೊಟ್ಟೆನೋವು, ಮುಟ್ಟಿನ ನೋವು, ಇಂಥವಕ್ಕೆ. ಮೂತ್ರಪಿಂಡದ ಯಾಂಗ್, ಅಂದರೆ ಮೈ ಬೆಚ್ಚಗಿಡುವ ಶಕ್ತಿ, ಕುಂದಿದೆ, ಬೆಂಕಿಯನ್ನು ಮತ್ತೆ ಮೂಲಕ್ಕೆ ತರಬೇಕು ಅನ್ನುವುದು ಅವರ ವಿವರಣೆ. ಚೀನಾದ ಅಧಿಕೃತ ಔಷಧಿ ಸಂಹಿತೆಯಲ್ಲಿ ರೆಂಬೆಗೆ 3ರಿಂದ 10 ಗ್ರಾಂ, ತೊಗಟೆಗೆ ಬರೀ 1ರಿಂದ 5 ಗ್ರಾಂ. ತೊಗಟೆಯನ್ನು ಎಷ್ಟು ಖಾರವಾದದ್ದು ಅಂತ ನೋಡುತ್ತಾರೆ ಅನ್ನೋದು ಇಲ್ಲೇ ಗೊತ್ತಾಗುತ್ತೆ, ಅಲ್ವಾ?

ಚಿತ್ರಗಳು ಚೆನ್ನಾಗಿ ಬಂದಿವೆ. ರೆಂಬೆಯನ್ನು ಅಡ್ಡ ಕತ್ತರಿಸಿದರೆ ನಡುವಿನ ತಿರುಳು ಸುಮಾರು ಚೌಕಾಕಾರವಾಗಿರುತ್ತೆ, ಅದನ್ನು ದೊಡ್ಡದಾಗಿ ಬರೆದಿದ್ದೇನೆ. ತೊಗಟೆಯ ಒಳಮೈ ಕೆಂಪು ಕಂದು, ಉಗುರಲ್ಲಿ ಗೀಚಿದರೆ ಎಣ್ಣೆಯ ಗೆರೆ ಮೂಡಬೇಕು. ನಮ್ಮ ಅಂಗಡಿಗಳಲ್ಲಿ ಸಿಗುವ ದಪ್ಪ ಚಕ್ಕೆ ಹೆಚ್ಚಾಗಿ ಕ್ಯಾಸಿಯಾ ಜಾತಿಯದ್ದೇ, ಹಾಗಾಗಿ ಅಡುಗೆಮನೆಯ ಡಬ್ಬದಿಂದಲೇ ಒಂದು ತುಂಡು ತೆಗೆದು ನೀವೂ ಗೀಚಿ ನೋಡಬಹುದು.

ಜಾಸ್ತಿ ಹೊತ್ತು ಕೂತಿದ್ದು ಗ್ವೇಯ್‌ಜಿ ಥಾಂಗ್ ಅನ್ನುವ ಕಷಾಯದ ಪುಟಕ್ಕೆ. ಕ್ರಿ.ಶ. 200ರ ಆಸುಪಾಸಿನಲ್ಲಿ, ಹಾನ್ ಅರಸರ ಕೊನೆಗಾಲದಲ್ಲಿ, ಜಾಂಗ್ ಜೋಂಗ್‌ಜಿಂಗ್ ಅನ್ನುವ ವೈದ್ಯ ಬರೆದಿಟ್ಟದ್ದು ಇದು. ಚಕ್ಕೆ ರೆಂಬೆ, ಬಿಳಿ ಪಿಯೊನಿ ಬೇರು, ಹಸಿಶುಂಠಿ ಮೂರು ಮೂರು ಪಾಲು, ಜ್ಯೇಷ್ಠಮಧು ಎರಡು ಪಾಲು, ಜೊತೆಗೆ 12 ಚೀನೀ ಬೋರೆಹಣ್ಣು. ಏಳು ಅಳತೆ ನೀರು ಸಣ್ಣ ಉರಿಯಲ್ಲಿ ಮೂರಕ್ಕೆ ಇಳಿಯಬೇಕು. ನನಗೆ ತುಂಬಾ ಹಿಡಿಸಿದ್ದು ಆಮೇಲಿನ ಮಾತು. ಒಂದು ಅಳತೆ ಕುಡಿದು, ಸ್ವಲ್ಪ ಹೊತ್ತು ಬಿಟ್ಟು ಬಿಸಿ ಅಕ್ಕಿ ಗಂಜಿ ಕುಡಿಯಬೇಕು. ಹೊದ್ದು ಮಲಗಬೇಕು. ಮೈಯೆಲ್ಲ ತೆಳುವಾಗಿ ಬೆವರಿದರೆ ಒಳ್ಳೆಯದು, ನೀರು ಸುರಿದ ಹಾಗೆ ಬೆವರಬಾರದು. ಒಂದೇ ಸಲಕ್ಕೆ ಬೆವರಿ ಗುಣವಾದರೆ ಉಳಿದದ್ದನ್ನು ಕುಡಿಯಲೇಬಾರದು. ಹಸಿ ಪದಾರ್ಥ, ತಣ್ಣಗಿನದು, ಮಾಂಸ, ಮದ್ಯ ಯಾವುದೂ ಬೇಡ. ಜ್ವರ ಬಂದಾಗ ಗಂಜಿ ಕುಡಿದು ಬೆಳೆದವರಿಗೆ ಇದು ಸಲೀಸಾಗಿ ಅರ್ಥವಾಗುತ್ತೆ. ಈ ಮಸಾಲೆಗಳ ಬಗ್ಗೆ ಬರೆಯುವವರು ಯಾವುದರಲ್ಲಿ ಏನಿದೆ ಅಂತ ಪಟ್ಟಿ ಕೊಟ್ಟು ಗಂಜಿ ಹೊದಿಕೆಯನ್ನೆಲ್ಲ ಬಿಟ್ಟುಬಿಟ್ಟರೆ ಅರ್ಧ ಔಷಧಿ ಹೊರಗುಳಿದ ಹಾಗೆ ಅಂತ ನನಗೆ ಗಟ್ಟಿಯಾಗಿ ಅನಿಸುತ್ತೆ. ಅದಕ್ಕೇ ನನ್ನ ಪುಟದಲ್ಲಿ ಗಂಜಿ ಬಟ್ಟಲಿಗೆ ದೊಡ್ಡ ಜಾಗ ಕೊಟ್ಟೆ.

ತೊಗಟೆಯ ವಿಷಯದಲ್ಲೂ ಹೀಗೇ. ಉಳಿದವು ಕುದ್ದ ಮೇಲೆ, ಕೊನೆಯಲ್ಲಿ ಹಾಕುತ್ತಾರೆ, ಇಲ್ಲದಿದ್ದರೆ ಪರಿಮಳದ ಎಣ್ಣೆ ಆವಿಯಾಗಿ ಹೋಗುತ್ತೆ. ಪುಡಿ ಮಾಡಿ ಕಷಾಯಕ್ಕೆ ಬೆರೆಸಿ ಕುಡಿಯುವುದೂ ಉಂಟು. ಜಿಯಾವ್‌ಥಾಯ್ ವಾನ್ ಅನ್ನುವ ಮಾತ್ರೆಯಲ್ಲಿ ಹತ್ತು ಪಾಲು ಕಹಿ ಕಾಪ್ಟಿಸ್ ಬೇರಿಗೆ ಒಂದೇ ಪಾಲು ತೊಗಟೆ, ಅದು ನಿದ್ದೆ ಬಾರದವರಿಗೆ. ಬೆಚ್ಚಗಿನ ಮಸಾಲೆ ನಿದ್ದೆಯ ಮಾತ್ರೆಯಲ್ಲಿ ಯಾಕೆ ಅಂತ ಕೇಳಿದರೆ, ಹೃದಯದ ಬೆಂಕಿಯನ್ನು ಕಾಪ್ಟಿಸ್ ಇಳಿಸುತ್ತೆ, ಮೂತ್ರಪಿಂಡವನ್ನು ಚಕ್ಕೆ ಕಾಯಿಸುತ್ತೆ, ಎರಡೂ ಮತ್ತೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ ಅನ್ನುತ್ತಾರೆ. ಈ ಪುಟ ಇನ್ನೂ ಬಣ್ಣಕ್ಕೆ ಕಾಯುತ್ತಿದೆ.

ಒಂದು ಪುಟ ಪೂರ್ತಿ ಎಚ್ಚರಿಕೆಗೆ, ಕೆಂಪು ಶಾಯಿಯಲ್ಲಿ. ಬಸುರಿಯರು ರೆಂಬೆ, ತೊಗಟೆ ಎರಡನ್ನೂ ಹಾಗೆಲ್ಲ ತೆಗೆದುಕೊಳ್ಳಬಾರದು, ರಕ್ತಸ್ರಾವದ ತೊಂದರೆ ಇರುವವರಿಗೆ ತೊಗಟೆ ಬೇಡ. ಕ್ಯಾಸಿಯಾದಲ್ಲಿ ಕೂಮರಿನ್ ಅನ್ನುವ ರಾಸಾಯನಿಕ ಇದೆ, ಜಾಸ್ತಿಯಾದರೆ ಕೆಲವರ ಯಕೃತ್ತಿಗೆ ಕೆಟ್ಟದ್ದು. ಕೂಮರಿನ್ ದಿನಾಲೂ ತೆಗೆದುಕೊಳ್ಳುವ ಮಿತಿ ದೇಹತೂಕದ ಕಿಲೋಗೆ 0.1 ಮಿಲಿಗ್ರಾಂ ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಹೇಳುತ್ತೆ. ಸಿಲೋನ್ ಚಕ್ಕೆಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಔಷಧಿಯಾಗಿ ಬೇಕಿದ್ದರೆ ತಿಳಿದ ವೈದ್ಯರನ್ನೇ ಕೇಳಿ.

ಮುಂದಿನದು ಶುಂಠಿ. ಹಸಿಯದು, ಒಣಗಿದ್ದು, ಹುರಿದದ್ದು ಮೂರನ್ನೂ ಅವರು ಬೇರೆ ಬೇರೆ ಔಷಧಿ ಅಂತಲೇ ಬಳಸುತ್ತಾರೆ, ಹಾಗಾಗಿ ಈ ಸಲ ಮೊದಲೇ ಜಾಸ್ತಿ ಹಾಳೆ ಹೊಲಿದಿಟ್ಟಿದ್ದೇನೆ.